ಒಡೆತನದ ದಿಕ್ಕು



ಹೊಸೂರಿನ ಚಂದ್ರಚೂಡೇಶ್ವರಸ್ವಾಮಿಯ ಬೆಟ್ಟವನ್ನು ಹತ್ತಿ ಸುತ್ತಲೂ ದೃಷ್ಟಿ ಹಾಯಿಸಿದವರಿಗೆ, ಒಂದು ಕಾಲಕ್ಕೆ ರಾಗಿಯ ಹೊಲಗಳಿಗೂ ಕೆರೆಗಳಿಗೂ ಹೆಸರಾಗಿದ್ದ ಈ ಸೀಮೆಯು ಕಾರ್ಖಾನೆಗಳ ನಾಡಾಗಿ ಮಾರ್ಪಟ್ಟಿರುವುದು ಕಣ್ಣಿಗೆ ಕಟ್ಟುತ್ತದೆ. ಸಿಪ್ಕಾಟ್ ಕೈಗಾರಿಕಾ ವಸಾಹತಿನಲ್ಲಿ ಲಾರಿಗಳು ತಯಾರಾದವು, ಮೋಪೆಡ್ಡುಗಳು ತಯಾರಾದವು. 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯು ತನ್ನ ಕೈಗಡಿಯಾರಗಳ ಕಾರ್ಖಾನೆಯನ್ನು ಕಟ್ಟಿದುದೂ ಇಲ್ಲಿಯೇ. ಅತ್ತ ಗಡಿಯಾಚೆ, ಆರ್. ಕೆ. ಬಾಳಿಗರ ಕಲ್ಪನೆಯನ್ನನುಸರಿಸಿ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಗಲ್ಲನ್ನಿಟ್ಟ ಮೇಲೆ, ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಮತ್ತೊಂದು ಬಗೆಯ ಸಾಮಗ್ರಿಯ ತಯಾರಿಕೆಯೂ ನಮ್ಮ ನೆರೆಯಲ್ಲಿ ಪ್ರಾರಂಭವಾಯಿತು. ಇಂದು ಹೊಸೂರಿನ ಆಲಸನತ್ತಂ ಮೊದಲಾದ ಬಡಾವಣೆಗಳಲ್ಲಿ ಮನೆ ಮಾಡಿಕೊಂಡು, ಬೆಳಗಾದರೆ ಅತ್ತಿಬೆಲೆಯ ಗಡಿಯನ್ನು ದಾಟಿ ಅಲ್ಲಿಗೆ ಹೋಗಿ, ಇರುಳಿಗೆ ಹಿಂದಿರುಗುವ ತರುಣ ತರುಣಿಯರು ಮಾಡುವ ಕೆಲಸವು ಬಹುಮಟ್ಟಿಗೆ ಇದೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ತಮಿಳು, ಕಚೇರಿಯಲ್ಲಿ ಇಂಗ್ಲಿಷು ಎಂಬ ಈ ಮಕ್ಕಳ ಬಾಳಿನಲ್ಲಿ, ಕಚೇರಿಯ ವಿದ್ಯೆಯ ಒಂದು ಸೂಕ್ಷ್ಮವಾದರೂ ಮನೆಯ ಮಾತಿನಲ್ಲಿ ಅವರ ಕಿವಿಗೆ ಬೀಳಲಿ ಎಂಬ ಆಸೆಯಿಂದ ಇಂದಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ಪ್ರೋಗ್ರಾಮಿನೊಳಗೆ ವಸ್ತುಗಳು ಒಂದನ್ನೊಂದು ಹಿಡಿದುಕೊಂಡು ಬಿಡುಗಡೆಯೇ ಇಲ್ಲದಂತಾಗುವ ಚಕ್ರಬಂಧ, ಅದರ ಕಾರಣ, ಅದರ ನಿವಾರಣೆ: ಇದೇ ಆ ವಿಷಯ.

ಗಣಕಯಂತ್ರದಲ್ಲಿ ನಡೆಯುವ ಯಾವ ಪ್ರೋಗ್ರಾಮಿಗೇ ಆಗಲಿ, ತನ್ನ ಲೆಕ್ಕಾಚಾರಕ್ಕೆ ಬೇಕಾದ ವಿವರಗಳನ್ನು ಇರಿಸಿಕೊಳ್ಳಲು ಮೆಮೊರಿಯಲ್ಲಿ ಸ್ಥಳ ಬೇಕು. ಬೇಕಾದಾಗ ಸ್ಥಳವನ್ನು ಕೇಳಿ ಪಡೆಯಬೇಕು. ಕೆಲಸ ತೀರಿದೊಡನೆ ಹಿಂದಿರುಗಿಸಬೇಕು. ಸಿ ಭಾಷೆಯಲ್ಲಿ ಪಡೆಯುವುದಕ್ಕೆ ಮ್ಯಾಲಕ್ ಎಂಬ ಆಜ್ಞೆ, ಹಿಂದಿರುಗಿಸುವುದಕ್ಕೆ ಫ್ರೀ ಎಂಬ ಆಜ್ಞೆ. ಹಿಂದಿರುಗಿಸದೆ ಮರೆತರೆ ಆ ಸ್ಥಳವು ಪ್ರೋಗ್ರಾಮು ಮುಗಿಯುವವರೆಗೆ ಯಾರಿಗೂ ಒದಗದೆ ವ್ಯರ್ಥವಾಗಿ ಬಿದ್ದಿರುವುದು. ಇದನ್ನೇ ಲೀಕ್, ಅಂದರೆ ಸೋರಿಕೆ, ಎನ್ನುವರು. ಅವಸರಪಟ್ಟು, ಇನ್ನೊಬ್ಬರು ಬಳಸುತ್ತಿರುವಾಗಲೇ ಹಿಂದಿರುಗಿಸಿಬಿಟ್ಟರೆ, ಬಳಸುತ್ತಿದ್ದವನ ಕೈಯಲ್ಲಿ ಉಳಿಯುವುದು ಬರಿಯ ವಿಳಾಸ. ಆ ವಿಳಾಸದಲ್ಲಿ ಈಗ ಏನಿದೆಯೆಂಬುದು ಯಾರಿಗೂ ತಿಳಿಯದು. ಮೊದಲನೆಯದು ಮೆಲ್ಲಮೆಲ್ಲನೆ ಕೊಲ್ಲುವ ದೋಷ, ಎರಡನೆಯದು ಒಮ್ಮೆಗೇ ಉರುಳಿಸುವ ದೋಷ. ಹೀಗೆ ಪಡೆದ ಸ್ಥಳದಲ್ಲಿರಿಸಿದ ಒಂದು ವಸ್ತುವನ್ನು ಒಬ್ಬನೇ ಬಳಸುವಾಗ ಈ ಎರಡನ್ನೂ ತಪ್ಪಿಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಹಲವರು ಕೂಡಿ ಬಳಸುವಾಗ, ಕೊನೆಗೆ ಕೈಬಿಟ್ಟವರು ಯಾರು ಎಂಬುದನ್ನು ನಿಶ್ಚಯಿಸುವುದೇ ದೊಡ್ಡ ಸಮಸ್ಯೆಯಾಗುವುದು.

ಈ ಸಮಸ್ಯೆಗೆ 1960ರಲ್ಲಿ, ಒಂದೇ ವರ್ಷದೊಳಗೆ, ಎರಡು ಪರಿಹಾರಗಳು ಪ್ರಕಟವಾದುವೆಂಬುದು ಈ ಶಾಸ್ತ್ರದ ಇತಿಹಾಸದಲ್ಲಿ ಗಮನಾರ್ಹವಾದ ಸಂಗತಿ. ಲಿಸ್ಪ್ ಭಾಷೆಯ ಕರ್ತೃವಾದ ಜಾನ್ ಮೆಕಾರ್ಥಿಯು, ಮೂಲದಿಂದ ಹೊರಟು ತಲುಪಬಹುದಾದ ವಸ್ತುಗಳೆಲ್ಲವನ್ನೂ ಗುರುತು ಮಾಡಿ, ಗುರುತಿಲ್ಲದೆ ಉಳಿದವನ್ನು ಗುಡಿಸಿಹಾಕುವ ವಿಧಾನವನ್ನು ಸೂಚಿಸಿದನು. ಜಾರ್ಜ್ ಕಾಲಿನ್ಸನು ಬೇರೊಂದು ದಾರಿಯನ್ನು ಹಿಡಿದನು: ಪ್ರತಿಯೊಂದು ವಸ್ತುವಿನ ಜೊತೆಗೂ ಒಂದು ಎಣಿಕೆಯನ್ನಿರಿಸುವುದು, ಯಾರಾದರೂ ಹಿಡಿದುಕೊಂಡರೆ ಎಣಿಕೆಗೆ ಒಂದನ್ನು ಕೂಡಿಸುವುದು, ಕೈಬಿಟ್ಟರೆ ಒಂದನ್ನು ಕಳೆಯುವುದು, ಎಣಿಕೆ ಸೊನ್ನೆಗಿಳಿದ ಕ್ಷಣದಲ್ಲಿಯೇ ವಸ್ತುವನ್ನು ವಿಸರ್ಜಿಸಿ ಸ್ಥಳವನ್ನು ಹಿಂದಿರುಗಿಸುವುದು. ಮೊದಲನೆಯ ವಿಧಾನದಲ್ಲಿ ಗುಡಿಸುವ ಹೊತ್ತಿಗೆ ಮಿಕ್ಕ ಕೆಲಸವೆಲ್ಲ ನಿಲ್ಲಬೇಕಾಗಿತ್ತು. ಎರಡನೆಯದರಲ್ಲಿ ಕೆಲಸವೂ ಬಿಡುಗಡೆಯೂ ಒಟ್ಟೊಟ್ಟಿಗೆ ಸಾಗುವುದರಿಂದ, ಚಿಕ್ಕ ಯಂತ್ರಗಳಿಗೂ, ಬೆರಳು ತಾಗಿದೊಡನೆ ಉತ್ತರ ಕೊಡಬೇಕಾದ ಯಂತ್ರಗಳಿಗೂ ಅದು ಬಹಳ ಒಪ್ಪುವಂಥದು.

ಕಾಲಿನ್ಸನ ಈ ಎಣಿಕೆಯ ವಿಧಾನವು ನಮ್ಮ ಕಾಲದಲ್ಲಿ ಲಕ್ಷಾಂತರ ಪ್ರೋಗ್ರಾಮರುಗಳ ನಿತ್ಯದ ಕೆಲಸವಾಗಿ ಪರಿಣಮಿಸಿದುದು ಆಬ್ಜೆಕ್ಟಿವ್-ಸಿ ಭಾಷೆಯ ಮೂಲಕ. ಬ್ರಾಡ್ ಕಾಕ್ಸ್ ಮತ್ತು ಟಾಮ್ ಲವ್ ಎಂಬವರು 1980ರ ದಶಕದ ಆದಿಯಲ್ಲಿ ರೂಪಿಸಿದ ಆ ಭಾಷೆಯನ್ನು ಸ್ಟೀವ್ ಜಾಬ್ಸನ ನೆಕ್ಸ್ಟ್ ಸಂಸ್ಥೆಯು ಅಂಗೀಕರಿಸಿತು. 1994ರ ಓಪನ್‌ಸ್ಟೆಪ್ ವ್ಯವಸ್ಥೆಯಲ್ಲಿ, ಹಿಡಿಯುವುದಕ್ಕೆ ರಿಟೇನ್, ಬಿಡುವುದಕ್ಕೆ ರಿಲೀಸ್ ಎಂಬ ಜೋಡಿ ಆಜ್ಞೆಗಳು ನೆಲೆಗೊಂಡುವು. ನೆಕ್ಸ್ಟ್ ಸಂಸ್ಥೆಯು ಆಪಲ್‌ನಲ್ಲಿ ಲೀನವಾದ ಮೇಲೆ ಅವು 2007ರ ಐಫೋನಿನವರೆಗೂ ಬಂದುವು. ಆ ಮೊದಲ ಐಫೋನಿನಲ್ಲಿದ್ದ ಮೆಮೊರಿ 128 ಮೆಗಾಬೈಟು ಮಾತ್ರ. 2008ರಲ್ಲಿ ಹೊರಗಿನವರಿಗೆ ಪ್ರೋಗ್ರಾಮು ಬರೆಯುವ ಅವಕಾಶ ದೊರೆತಂದಿನಿಂದ 2011ರವರೆಗೆ, ಆ ಫೋನಿಗಾಗಿ ಬರೆದವರೆಲ್ಲರೂ ಹಿಡಿಯುವುದನ್ನೂ ಬಿಡುವುದನ್ನೂ ತಮ್ಮ ಕೈಯಾರೆ ಬರೆಯಬೇಕಾಗಿತ್ತು. ಹಿಡಿದವನೇ ಬಿಡತಕ್ಕದ್ದು, ಹಿಡಿದಷ್ಟು ಸಲ ಬಿಡತಕ್ಕದ್ದು ಎಂಬ ನಿಯಮವನ್ನು ಚೆನ್ನಾಗಿ ಕಲಿತವರು, ಆ ನಿಯಮವನ್ನು ಅಕ್ಷರಶಃ ಪಾಲಿಸಿದರೂ ಮೆಮೊರಿ ಸೋರುವುದನ್ನು ಕಂಡು ದಿಗ್ಭ್ರಾಂತರಾಗುತ್ತಿದ್ದರು. ನಿಯಮಪಾಲನೆಯಲ್ಲಿ ಲೋಪವಿಲ್ಲದಿದ್ದರೂ ಬರುವ ದೋಷವಾದ್ದರಿಂದಲೇ ಚಕ್ರಬಂಧವನ್ನು ಪ್ರತ್ಯೇಕವಾಗಿ ಅರಿತುಕೊಳ್ಳಬೇಕು.

ಹೊಸೂರಿನ ಗುಲಾಬಿಯ ವ್ಯಾಪಾರವನ್ನು ಎಲ್ಲರೂ ಬಲ್ಲಿರಿ. ಗುಲಾಬಿಯ ವರ್ತಕನೊಬ್ಬನಿಗಾಗಿ ಒಂದು ಪ್ರೋಗ್ರಾಮನ್ನು ಬರೆಯುತ್ತಿದ್ದೇವೆಂದು ಭಾವಿಸೋಣ. ಅದರಲ್ಲಿ ಗ್ರಾಹಕ ಎಂಬುದೊಂದು ವಸ್ತು, ಬಿಲ್ಲು ಎಂಬುದೊಂದು ವಸ್ತು. ಗ್ರಾಹಕನ ವಿವರವನ್ನು ತೋರಿಸುವ ಪರದೆ ತೆರೆದೊಡನೆ ಪರದೆಯು ಗ್ರಾಹಕನನ್ನು ಹಿಡಿಯುವುದು. ಗ್ರಾಹಕನ ಎಣಿಕೆ ಒಂದು. ಗ್ರಾಹಕನು ತನ್ನ ಬಿಲ್ಲನ್ನು ಹಿಡಿಯುವನು. ಬಿಲ್ಲಿನ ಎಣಿಕೆಯೂ ಒಂದು. ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ಆದರೆ ಬಿಲ್ಲನ್ನು ಅಚ್ಚುಮಾಡುವಾಗ ತಲೆಯಲ್ಲಿ ಗ್ರಾಹಕನ ಹೆಸರು ಬರಬೇಕಷ್ಟೆ. ಅದಕ್ಕಾಗಿ ಬಿಲ್ಲಿಗೆ ತನ್ನ ಗ್ರಾಹಕನಾರೆಂಬುದು ತಿಳಿದಿರಬೇಕು. ಪ್ರೋಗ್ರಾಮರನು, ಕಲಿತ ಅಭ್ಯಾಸಬಲದಿಂದ, ಬಿಲ್ಲಿನ ಕೈಯಿಂದಲೂ ಗ್ರಾಹಕನನ್ನು ಹಿಡಿಸುವನು. ಗ್ರಾಹಕನ ಎಣಿಕೆ ಎರಡಾಯಿತು. ಬಿಲ್ಲು ವಿಸರ್ಜಿತವಾಗುವಾಗ ಗ್ರಾಹಕನನ್ನು ಬಿಡಬೇಕೆಂದು ಬಿಲ್ಲಿನ ವಿಸರ್ಜನೆಯ ಭಾಗದಲ್ಲಿ ಬರೆಯುವನು. ಗ್ರಾಹಕನು ವಿಸರ್ಜಿತನಾಗುವಾಗ ಬಿಲ್ಲನ್ನು ಬಿಡಬೇಕೆಂದು ಗ್ರಾಹಕನ ವಿಸರ್ಜನೆಯ ಭಾಗದಲ್ಲಿ ಬರೆಯುವನು. ಹಿಡಿತಗಳೂ ಬಿಡುಗಡೆಗಳೂ ಕಾಗದದ ಮೇಲೆ ಸರಿದೂಗಿವೆ, ಪರೀಕ್ಷಿಸಿದವರಾರೂ ತಪ್ಪೆನ್ನಲಾರರು.

ಈಗ ವರ್ತಕನು ಪರದೆಯನ್ನು ಮುಚ್ಚುತ್ತಾನೆ. ಪರದೆ ಗ್ರಾಹಕನನ್ನು ಬಿಡುತ್ತದೆ. ಎಣಿಕೆ ಎರಡರಿಂದ ಒಂದಕ್ಕಿಳಿಯುತ್ತದೆ, ಸೊನ್ನೆಗಿಳಿಯುವುದಿಲ್ಲ. ಉಳಿದ ಆ ಒಂದು ಬಿಲ್ಲಿನ ಹಿಡಿತ. ಬಿಲ್ಲು ಬಿಡಬೇಕಾದರೆ ಬಿಲ್ಲು ಮೊದಲು ವಿಸರ್ಜಿತವಾಗಬೇಕು; ಬಿಲ್ಲು ವಿಸರ್ಜಿತವಾಗಬೇಕಾದರೆ ಗ್ರಾಹಕನು ಅದನ್ನು ಬಿಡಬೇಕು; ಗ್ರಾಹಕನು ಬಿಡಬೇಕಾದರೆ ಅವನು ವಿಸರ್ಜಿತನಾಗಬೇಕು; ಅವನು ವಿಸರ್ಜಿತನಾಗಬೇಕಾದರೆ ಬಿಲ್ಲು ಬಿಡಬೇಕು. ಬಿಡುಗಡೆಯ ಸಾಲುಗಳು ಎರಡು ಕಡೆಯೂ ಬರೆದಿವೆ, ಆದರೆ ಅವೆರಡನ್ನೂ ಯಂತ್ರವು ಎಂದೆಂದಿಗೂ ಓದುವುದಿಲ್ಲ. ಪ್ರೋಗ್ರಾಮಿನ ಯಾವ ಭಾಗದಿಂದಲೂ ಆ ಜೋಡಿಗೆ ಈಗ ದಾರಿಯಿಲ್ಲ. ಹೊರಗಿನವರಾರೂ ಅವನ್ನು ಕರೆಯಲಾರರು, ಅವುಗಳಿಗೂ ಹೊರಗಿನ ಕೆಲಸವೊಂದೂ ಉಳಿದಿಲ್ಲ. ಆದರೂ ಲೆಕ್ಕದ ಪ್ರಕಾರ ಎರಡೂ ಬದುಕಿವೆ. ಹಿಂದೆ ಸಹಕಾರ ಸಂಘದ ಸಾಲದ ಪುಸ್ತಕದಲ್ಲಿ ಇವನಿಗೆ ಅವನು, ಅವನಿಗೆ ಇವನು ಜಾಮೀನು ನಿಂತು, ಇಬ್ಬರೂ ಊರು ಬಿಟ್ಟು ಹೋದ ಮೇಲೂ ಇಬ್ಬರ ಖಾತೆಯೂ ಚಾಲ್ತಿಯಲ್ಲಿಯೇ ಉಳಿಯುತ್ತಿದ್ದ ಬಗೆ ಇದಕ್ಕೆ ಬಹಳ ಹತ್ತಿರದ್ದು. ಒಂದು ಸಲ ಪರದೆಯನ್ನು ತೆರೆದು ಮುಚ್ಚಿದಾಗ ಹೀಗೆ 200 ಕಿಲೋಬೈಟು ಸಿಕ್ಕಿಬಿದ್ದಿತೆಂದರೆ, 500 ಸಲ ತೆರೆದು ಮುಚ್ಚುವುದರೊಳಗೆ ಸುಮಾರು 100 ಮೆಗಾಬೈಟು ಹೋಯಿತು. ಫೋನು ಮೊದಲು ಎಚ್ಚರಿಕೆ ಕೊಡುವುದು, ಅನಂತರ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುವುದು. ಹೂವಿನ ಹರಾಜಿನ ನಡುವೆ ಪರದೆ ಮಾಯವಾದಾಗ ವರ್ತಕನಿಗೆ ಕಾರಣ ತಿಳಿಯುವುದಾದರೂ ಹೇಗೆ?

ಎಣಿಕೆಯ ವಿಧಾನಕ್ಕೆ ಈ ದೌರ್ಬಲ್ಯವಿರುವುದು ಹೊಸ ಶೋಧವೇನೂ ಅಲ್ಲ. ಕಾಲಿನ್ಸನ ಲೇಖನ ಬಂದ ಮೂರೇ ವರ್ಷಗಳಲ್ಲಿ, 1963ರಲ್ಲಿ, ಮೆಕ್‌ಬೆತ್ ಎಂಬಾತನು ಅದೇ ಪತ್ರಿಕೆಗೆ ಪತ್ರ ಬರೆದು, ತನ್ನನ್ನು ತಾನೇ ಸುತ್ತಿ ಬರುವ ಸರಣಿಗಳನ್ನು ಈ ವಿಧಾನದಿಂದ ಮರಳಿ ಪಡೆಯಲಾಗದೆಂದು ತೋರಿಸಿದನು. ಯೂನಿಕ್ಸ್ ವ್ಯವಸ್ಥೆಯನ್ನು ನಿರ್ಮಿಸಿದ ಡೆನಿಸ್ ರಿಚಿ ಮತ್ತು ಕೆನ್ ಥಾಮ್ಸನ್ ಇದನ್ನು ಎಷ್ಟು ಚೆನ್ನಾಗಿ ಮನಗಂಡಿದ್ದರೆಂಬುದಕ್ಕೆ 1974ರ ಅವರ ಪ್ರಸಿದ್ಧ ಪ್ರಬಂಧವೇ ಸಾಕ್ಷಿ. ಆ ವ್ಯವಸ್ಥೆಯಲ್ಲಿ ಒಂದು ಕಡತಕ್ಕೆ ಹಲವು ಹೆಸರುಗಳಿರಬಹುದು, ಹೆಸರುಗಳ ಎಣಿಕೆ ಸೊನ್ನೆಯಾದಾಗ ಕಡತ ಅಳಿಯುವುದು. ಆದರೆ ಕಡತಗಳನ್ನು ತುಂಬಿಡುವ ಡೈರೆಕ್ಟರಿಗೆ ಮಾತ್ರ ಹೀಗೆ ಬೇಕೆಂದಂತೆ ಬೇರೆ ಬೇರೆ ಹೆಸರುಗಳನ್ನು ಕೊಡಲು ಅವರು ಆಸ್ಪದ ಕೊಡಲಿಲ್ಲ. ಕೊಟ್ಟಿದ್ದರೆ, ಡೈರೆಕ್ಟರಿಗಳ ವೃಕ್ಷದ ಬೇರಿನಿಂದ ಒಂದು ಡೈರೆಕ್ಟರಿಗೆ ಇದ್ದ ಕಟ್ಟಕಡೆಯ ಸಂಬಂಧ ಯಾವಾಗ ಕಡಿದುಹೋಯಿತೆಂಬುದನ್ನು ಕಂಡುಹಿಡಿಯುವುದು ಬಹಳ ಕಷ್ಟವಾಗುವುದೆಂಬುದು ಅವರು ಹೇಳಿದ ಕಾರಣಗಳಲ್ಲೊಂದು. ಚಕ್ರವನ್ನು ಕಂಡುಹಿಡಿದು ಬಿಚ್ಚುವ ಜಾಣತನಕ್ಕಿಂತ ಚಕ್ರವೇ ಹುಟ್ಟದಂತೆ ರಚನೆಯನ್ನು ವೃಕ್ಷರೂಪದಲ್ಲಿರಿಸಿದ ಆ ಸಂಯಮವನ್ನು ನಾನು ಹೆಚ್ಚಾಗಿ ಮೆಚ್ಚುವೆನು. ನಮ್ಮ ತರುಣರು ಅನುಕರಿಸಬೇಕಾದುದೂ ಅದನ್ನೇ.

ಹಾಗಾದರೆ ಬಿಲ್ಲಿಗೆ ತನ್ನ ಗ್ರಾಹಕನು ಯಾರೆಂಬುದು ತಿಳಿಯಲೇಬಾರದೆ? ಧಾರಾಳವಾಗಿ ತಿಳಿಯಬಹುದು. ತಿಳಿದಿರುವುದೇ ಬೇರೆ, ಹಿಡಿದಿರುವುದೇ ಬೇರೆ. ಎರಡು ವಸ್ತುಗಳ ಸಂಬಂಧದಲ್ಲಿ ಯಾವುದಾದರೂ ಒಂದು ಒಡೆಯನ ಸ್ಥಾನದಲ್ಲಿರಬೇಕು. ಒಡೆಯನು ತನ್ನ ವಸ್ತುವನ್ನು ಬಲವಾಗಿ ಹಿಡಿಯಲಿ, ಎಣಿಕೆಯನ್ನು ಕೂಡಿಸಲಿ. ಒಡೆಯನ ಕಡೆಗೆ ಹಿಂದಿರುಗಿ ನೋಡುವ ಸಂಬಂಧವು ಮಾತ್ರ ಎಣಿಕೆಯನ್ನು ಮುಟ್ಟದ, ಬರಿಯ ವಿಳಾಸಮಾತ್ರವಾದ ಸಡಿಲ ಸಂಬಂಧವಾಗಿರತಕ್ಕದ್ದು. ಒಡೆತನವು ಯಾವಾಗಲೂ ಒಂದೇ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ, ಹರಿಯಬೇಕು. ಆಪಲ್‌ನ ಸಿದ್ಧ ಪ್ರೋಗ್ರಾಮು ಭಾಗಗಳ ಗ್ರಂಥಾಲಯಗಳನ್ನು ರಚಿಸಿದವರು ಇದನ್ನು ಸಂಪ್ರದಾಯವಾಗಿಯೇ ಮಾಡಿದರು: ಒಂದು ವಸ್ತುವು ತನ್ನ ಪರವಾಗಿ ತೀರ್ಮಾನ ಮಾಡಲೆಂದು ಮತ್ತೊಂದನ್ನು ಡೆಲಿಗೇಟ್ ಆಗಿ ನೇಮಿಸಿಕೊಂಡಾಗ, ಆ ಡೆಲಿಗೇಟನ್ನು ಅದು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಏತಕ್ಕೆಂದರೆ ಡೆಲಿಗೇಟ್ ಆಗಿರುವುದು ಬಹುಮಟ್ಟಿಗೆ ಅದರ ಒಡೆಯನೇ.

ಸಡಿಲ ಸಂಬಂಧಕ್ಕೆ ಅದರದೇ ಆದ ಅಪಾಯವೊಂದುಂಟು. ಅದನ್ನು ಹೇಳದೆ ಬಿಟ್ಟರೆ ಅರ್ಧ ಔಷಧಿಯನ್ನು ಕೊಟ್ಟಂತಾಗುವುದು. ಗ್ರಾಹಕನು ವಿಸರ್ಜಿತನಾದ ಮೇಲೂ ಬಿಲ್ಲು ಬೇರೆ ಯಾರದೋ ಹಿಡಿತದಿಂದ, ಉದಾಹರಣೆಗೆ ಅಚ್ಚಿನ ಸರದಿಯಲ್ಲಿ ನಿಂತಿರುವುದರಿಂದ, ಉಳಿದುಕೊಂಡಿತೆಂದು ತಿಳಿಯಿರಿ. ಅದರಲ್ಲಿರುವ ಗ್ರಾಹಕನ ವಿಳಾಸ ಈಗ ಪಾಳು. ಆ ವಿಳಾಸಕ್ಕೆ ಸಂದೇಶ ಕಳುಹಿಸಿದರೆ ಪ್ರೋಗ್ರಾಮು ಅಲ್ಲಿಯೇ ಕುಸಿಯಬಹುದು. ಆದಕಾರಣ ಒಡೆಯನು ತಾನು ಹೊರಡುವ ಮುನ್ನ, ತನ್ನನ್ನು ನೋಡುತ್ತಿರುವ ಪ್ರತಿಯೊಂದರಿಂದಲೂ ತನ್ನ ವಿಳಾಸವನ್ನು ಅಳಿಸಿ, ಅಲ್ಲಿ ನಿಲ್ ಎಂಬ ಶೂನ್ಯವನ್ನಿಟ್ಟು ಹೋಗಬೇಕು. ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ ನಿಲ್‌ಗೆ ಸಂದೇಶ ಕಳುಹಿಸಿದರೆ ಯಾವ ಅನಾಹುತವೂ ಆಗದು. ಸತ್ತ ವಸ್ತುವಿಗೆ ಕಳುಹಿಸಿದರೆ ಅನಾಹುತವಲ್ಲದೆ ಬೇರೊಂದಿಲ್ಲ. 2011ರಲ್ಲಿ ಬಂದ ವೀಕ್ ಎಂಬ ಸಂಬಂಧವು ಒಡೆಯನು ಹೋದೊಡನೆ ತಾನಾಗಿಯೇ ನಿಲ್ ಆಗುವುದು. ಅದಕ್ಕೆ ಮುಂಚೆ ಇದನ್ನು ಕೈಯಿಂದಲೇ ಬರೆಯಬೇಕಾಗಿತ್ತು, ಹಳೆಯ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವವರು ಇಂದಿಗೂ ಬರೆಯಬೇಕು.

ಒಡೆಯ ಯಾರೆಂಬುದು ನಮ್ಮ ವಶದಲ್ಲಿಲ್ಲದ ಪ್ರಸಂಗಗಳೂ ಉಂಟು. ಅವುಗಳಲ್ಲಿ ಹೆಚ್ಚು ಮಂದಿ ಎಡವುವ ಜಾಗವೆಂದರೆ ಟೈಮರ್. ಪ್ರತಿ ನಿಮಿಷಕ್ಕೊಮ್ಮೆ ಹೂವಿನ ಧಾರಣೆಯನ್ನು ಹೊಸದಾಗಿ ತೋರಿಸಲೆಂದು ಪರದೆಯು ಒಂದು ಟೈಮರನ್ನು ಇಟ್ಟುಕೊಳ್ಳುತ್ತದೆ. ಟೈಮರು ತಾನು ಎಚ್ಚರಿಸಬೇಕಾದ ವಸ್ತುವನ್ನು, ಅಂದರೆ ಪರದೆಯನ್ನು, ಬಲವಾಗಿ ಹಿಡಿಯುವುದು. ಇದು ಡೆಲಿಗೇಟಿನ ಸಂಪ್ರದಾಯಕ್ಕೆ ವಿರುದ್ಧವಾದ ನಡೆ. ಸಾಲದುದಕ್ಕೆ, ಪ್ರೋಗ್ರಾಮಿನ ಮುಖ್ಯ ಆವರ್ತವಾದ ರನ್ ಲೂಪ್ ಎಂಬುದು ಆ ಟೈಮರನ್ನು ತಾನೂ ಹಿಡಿದಿರುವುದು. ಪರದೆ ವಿಸರ್ಜಿತವಾಗುವಾಗ ಟೈಮರನ್ನು ನಿಲ್ಲಿಸಿದರಾಯಿತೆಂದು, ನಿಲ್ಲಿಸುವ ಇನ್‌ವ್ಯಾಲಿಡೇಟ್ ಎಂಬ ಆಜ್ಞೆಯನ್ನು ಪರದೆಯ ವಿಸರ್ಜನೆಯ ಭಾಗದಲ್ಲಿ ಬರೆಯುವವರು ಅನೇಕರು. ಟೈಮರು ಹಿಡಿದಿರುವತನಕ ಆ ವಿಸರ್ಜನೆ ಬರುವುದೇ ಇಲ್ಲ. ಟೈಮರು ನಿಲ್ಲುವುದೂ ಇಲ್ಲ. ಮುಚ್ಚಿದ ಪರದೆ ನಿಮಿಷಕ್ಕೊಮ್ಮೆ ಎಚ್ಚೆತ್ತು, ಯಾರೂ ನೋಡದ ಧಾರಣೆಯನ್ನು ತರಿಸಿಕೊಳ್ಳುತ್ತಲೇ ಇರುವುದು. ಮೆಮೊರಿಯ ಜೊತೆಗೆ ಬ್ಯಾಟರಿಯೂ ತೀರುವುದು. ಇಂಥಲ್ಲಿ ಬಂಧವನ್ನು ಕಡಿಯುವ ಆಜ್ಞೆಯು ವಿಸರ್ಜನೆಗಿಂತ ಮುಂಚಿನ ಒಂದು ಘಟ್ಟದಲ್ಲಿ, ಪರದೆ ಕಣ್ಮರೆಯಾಗುವ ಸಮಯದಲ್ಲಿಯೇ, ಇರಬೇಕು. ಚಕ್ರವನ್ನು ಕಡಿಯುವ ಸಾಲನ್ನು ಚಕ್ರದೊಳಗಿನ ವಸ್ತುವಿನ ವಿಸರ್ಜನೆಯಲ್ಲಿ ಎಂದಿಗೂ ಇರಿಸಕೂಡದು.

2010ರಲ್ಲಿ ಐಫೋನಿಗೂ ಬಂದ ಬ್ಲಾಕುಗಳ ಕಥೆಯೂ ಇದೇ ಜಾತಿಯದು. ಮುಂದೆಂದೋ ನಡೆಸಬೇಕಾದ ಆಜ್ಞೆಗಳ ಒಂದು ಗಂಟನ್ನು ವಸ್ತುವು ತನ್ನಲ್ಲಿ ಇರಿಸಿಕೊಳ್ಳುತ್ತದೆ. ಆ ಗಂಟಿನೊಳಗೆ ಆ ವಸ್ತುವನ್ನು ಸೂಚಿಸುವ ಸೆಲ್ಫ್ ಎಂಬ ಒಂದು ಪದವಿದ್ದರೆ ಸಾಕು, ಗಂಟು ಆ ವಸ್ತುವನ್ನೇ ಹಿಡಿದುಬಿಡುತ್ತದೆ. ಕಣ್ಣಿಗೆ ಹಿಡಿತದ ಆಜ್ಞೆ ಎಲ್ಲಿಯೂ ಕಾಣದಿರುವುದರಿಂದ ಇದು ಇನ್ನೂ ವಂಚಕವಾದದ್ದು. ಚಕ್ರವು ಎರಡೇ ವಸ್ತುಗಳದ್ದಾಗಿರಬೇಕೆಂಬ ನಿಯಮವೂ ಇಲ್ಲ. ಪಟ್ಟಿಗಳು ತಮ್ಮೊಳಗಿನ ವಸ್ತುಗಳನ್ನೆಲ್ಲ ಹಿಡಿಯುವುದರಿಂದ, ಮೂರು ನಾಲ್ಕು ಕೈ ದಾಟಿ, ಬೇರೆ ಬೇರೆ ಪ್ರೋಗ್ರಾಮರುಗಳು ಬೇರೆ ಬೇರೆ ಕಾಲದಲ್ಲಿ ಬರೆದ ಭಾಗಗಳ ಮೂಲಕ ಹಾದು ಅದು ಪೂರ್ಣವಾಗಬಹುದು.

ಯಂತ್ರಕ್ಕೇ ಈ ಹೊಣೆಯನ್ನು ವಹಿಸಬಾರದೇಕೆಂದು ನೀವು ಕೇಳಬಹುದು. ಕೆಲವೆಡೆ ವಹಿಸಿದ್ದಾರೆ. ಪೈಥಾನ್ ಭಾಷೆಯು 2000ದಲ್ಲಿ ಬಂದ ತನ್ನ ಎರಡನೆಯ ಆವೃತ್ತಿಯಲ್ಲಿ, ಎಣಿಕೆಯ ಜೊತೆಗೆ ಚಕ್ರಗಳನ್ನು ಹುಡುಕುವ ವ್ಯವಸ್ಥೆಯನ್ನೂ ಸೇರಿಸಿಕೊಂಡಿತು. ಡೇವಿಡ್ ಬೇಕನ್ ಮತ್ತು ವಿ. ಟಿ. ರಾಜನ್ 2001ರಲ್ಲಿ ಪ್ರಕಟಿಸಿದ ಚಕ್ರಸಂಗ್ರಹದ ವಿಧಾನವನ್ನು ಆಧರಿಸಿ ಪಿಎಚ್‌ಪಿ ಭಾಷೆಯು 2009ರಲ್ಲಿ ಹಾಗೆಯೇ ಮಾಡಿತು. ಇವೆಲ್ಲಕ್ಕೂ ಆಗಾಗ ನಿಂತು ಹುಡುಕುವ ವೆಚ್ಚವಿದೆ. ಆಪಲ್ 2011ರಲ್ಲಿ ತಂದ ಆರ್ಕ್ ಎಂಬ ವ್ಯವಸ್ಥೆಯು ರಿಟೇನ್ ರಿಲೀಸ್ ಸಾಲುಗಳನ್ನು ತಾನೇ ಬರೆಯುವುದೇ ಹೊರತು ಚಕ್ರಗಳನ್ನು ಹುಡುಕುವುದಿಲ್ಲ. 2014ರ ಸ್ವಿಫ್ಟ್ ಭಾಷೆಯೂ ಹಾಗೆಯೇ. ಸಿ ಪ್ಲಸ್ ಪ್ಲಸ್‌ನ 2011ರ ಪ್ರಮಾಣದಲ್ಲಿ ಷೇರ್ಡ್ ಪಾಯಿಂಟರಿನ ಪಕ್ಕದಲ್ಲಿಯೇ ವೀಕ್ ಪಾಯಿಂಟರನ್ನು ಇರಿಸಿರುವುದೂ ಈ ಕಾರಣಕ್ಕಾಗಿಯೇ. ಹಿಡಿಯುವ ಬಿಡುವ ಸಾಲುಗಳನ್ನು ಬರೆಯುವ ಶ್ರಮವಷ್ಟೇ ಯಂತ್ರಕ್ಕೆ ಹೋಯಿತು. ಒಡೆಯನಾರೆಂದು ನಿರ್ಣಯಿಸುವ ಕರ್ತವ್ಯ ಮನುಷ್ಯನಲ್ಲಿಯೇ ಉಳಿಯಿತು. ಆರ್ಕ್ ಬಂದ ಮೇಲೆ ಕಲಿತವರು ಎಣಿಕೆಯ ಮರ್ಮವನ್ನು ಅರಿಯದೆಯೇ ಪ್ರೋಗ್ರಾಮು ಬರೆಯತೊಡಗಿದರು. ಕೈಯಾರೆ ಬರೆದ ಹಿಂದಿನವರಿಗಿದ್ದ ಎಚ್ಚರ ಅವರಿಗೆ ಇರದಿರುವುದು ಸಹಜವೇ ಆದರೂ, ನನಗೆ ಅದು ನಷ್ಟವೆಂದೇ ತೋರುತ್ತದೆ.

ದೋಷವಿದೆಯೇ ಎಂದು ತಿಳಿಯುವ ಬಗೆಯನ್ನೂ ಸಂಕ್ಷೇಪವಾಗಿ ಹೇಳುವೆನು. ವಸ್ತುವಿನ ಎಣಿಕೆಯನ್ನೇ ಕೇಳಿ ನೋಡುವುದು ನಂಬಲರ್ಹವಾದ ದಾರಿಯಲ್ಲ. ವ್ಯವಸ್ಥೆಯ ಒಳಭಾಗಗಳೂ ಅದನ್ನು ಹಿಡಿದಿರಬಹುದಾದ್ದರಿಂದ ಆ ಸಂಖ್ಯೆ ದಾರಿತಪ್ಪಿಸುವುದೇ ಹೆಚ್ಚು. ಆಪಲ್‌ನ ಇನ್‌ಸ್ಟ್ರುಮೆಂಟ್ಸ್ ಎಂಬ ಸಾಧನದಲ್ಲಿರುವ ಸೋರಿಕೆಯ ಪರೀಕ್ಷೆಯು, ಎಲ್ಲಿಂದಲೂ ತಲುಪಲಾಗದ ಗ್ರಾಹಕ ಬಿಲ್ಲುಗಳಂಥ ಜೋಡಿಗಳನ್ನು ತೋರಿಸಿಕೊಡುವುದು. ಟೈಮರಿನ ಪ್ರಸಂಗವನ್ನು ಅದು ತೋರಿಸದು, ಏಕೆಂದರೆ ರನ್ ಲೂಪಿನ ಮೂಲಕ ಆ ಪರದೆಗೆ ಇನ್ನೂ ದಾರಿಯಿದೆ. ಅಂಥದಕ್ಕೆ, ಪರದೆಯನ್ನು ತೆರೆದು ಮುಚ್ಚುವ ಮೊದಲು ಒಂದು ಸಲ, ಆಮೇಲೆ ಒಂದು ಸಲ ಮೆಮೊರಿಯಲ್ಲಿರುವ ವಸ್ತುಗಳ ಪಟ್ಟಿಯನ್ನು ತೆಗೆದು, ಹೆಚ್ಚಾಗಿ ಉಳಿದದ್ದೇನೆಂದು ಹೋಲಿಸಬೇಕು. ಆಪಲ್‌ನ ಪ್ರೋಗ್ರಾಮು ಬರೆಯುವ ಸಾಧನವಾದ ಎಕ್ಸ್‌ಕೋಡ್‌ನ 2016ರ ಆವೃತ್ತಿಯಿಂದ ಈಚೆಗೆ ಯಾವುದು ಯಾವುದನ್ನು ಹಿಡಿದಿದೆಯೆಂಬ ಚಿತ್ರವೇ ದೊರೆಯುತ್ತದೆ.

ಆದರೆ ಇವೆಲ್ಲಕ್ಕಿಂತ ಸುಲಭವಾದ, ಕಾಸಿನ ಖರ್ಚಿಲ್ಲದ ಉಪಾಯವೊಂದಿದೆ. ಹೊಸೂರಿನಿಂದ, ಡೆಂಕಣಿಕೋಟೆಯಿಂದ, ತಳಿಯಿಂದ ಈ ಕೆಲಸಕ್ಕೆ ಹೊರಟಿರುವ ತರುಣ ಮಿತ್ರರಲ್ಲಿಯೂ, ಅವರಿಗೆ ಕಾಲೇಜುಗಳಲ್ಲಿ ಪಾಠ ಹೇಳುವ ಅಧ್ಯಾಪಕರಲ್ಲಿಯೂ ನನ್ನ ವಿನಂತಿ ಇಷ್ಟೇ: ನೀವು ರಚಿಸುವ ಪ್ರತಿಯೊಂದು ವರ್ಗದ, ಅಂದರೆ ಒಂದು ಬಗೆಯ ವಸ್ತುಗಳ ಮಾದರಿಯ, ತಲೆಯಲ್ಲಿ, ಇದರ ಒಡೆಯನಾರು ಎಂಬ ಒಂದು ಸಾಲನ್ನು ಟಿಪ್ಪಣಿಯಾಗಿ ಬರೆಯಿರಿ, ಅದರ ವಿಸರ್ಜನೆಯ ಭಾಗದಲ್ಲಿ ತನ್ನ ಹೆಸರನ್ನು ಅಚ್ಚುಮಾಡುವ ಒಂದು ಸಾಲನ್ನು ಸೇರಿಸಿರಿ, ಅನಂತರ ಪರದೆಯನ್ನು ಒಮ್ಮೆ ತೆರೆದು ಮುಚ್ಚಿ, ಆ ಹೆಸರು ಬರುವುದೋ ಇಲ್ಲವೋ ಎಂದು ನೋಡಿರಿ. ಬಾರದಿದ್ದರೆ ಮುಂದಿನ ಸಾಲನ್ನು ಬರೆಯುವ ಮೊದಲು, ಅದನ್ನು ಇನ್ನೂ ಹಿಡಿದಿರುವವರು ಯಾರೆಂಬುದನ್ನು ಹುಡುಕಿರಿ.